‘ರೆಸಿಸ್ಟೆಂಟ್’ ಅಂದರೆ ಯಾರಿಗೆ ಔಷಧಿ ನಾಟಲ್ಲ?

ಪೊರಕೆ ಕಡ್ಡಿಯ ಬಿಲ್ಲುಬಾಣ ಮಕ್ಕಳಿಗೆ ಹಳೇ ಆಟ. ಬಾಣ ಕಣ್ಣಿಗೆ ತಾಗಿ, ಒಂದೆರಡು ದಿನದಲ್ಲಿ ರೆಪ್ಪೆ ಊದಿ, ಕರಿಗುಡ್ಡೆ ಮೇಲೆ ಬೆಳ್ಳಗೆ ಹುಣ್ಣು ಕಾಣಿಸಿಕೊಂಡರೆ ಡಾಕ್ಟರ್ ಆ ಹುಣ್ಣನ್ನು ಮೆಲ್ಲಗೆ ಕೆರೆದು ಲ್ಯಾಬಿಗೆ ಕಳಿಸುತ್ತಾರೆ. ತೀರಾ ಚಿಕ್ಕ ಮಕ್ಕಳಾದರೆ ಇಷ್ಟಕ್ಕೇ ಅರಿವಳಿಕೆ ಬೇಕಾಗುತ್ತದೆ. ಎರಡು ಮೂರು ದಿನಕ್ಕೆ ರಿಪೋರ್ಟ್ ಬರುತ್ತದೆ. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ: ಎಸ್ (ಔಷಧಿ ನಾಟುತ್ತೆ), ಐ (ನಡುವಿನದು), ಆರ್ (ನಾಟಲ್ಲ). ಈ ‘ಆರ್’ ಅಂದರೆ ರೆಸಿಸ್ಟೆಂಟ್.

‘ಅಯ್ಯೋ, ನಮ್ಮ ಮಗೂಗೆ ಔಷಧಿ ನಾಟಲ್ವಂತೆ’ ಅಂತ ಅಮ್ಮಂದಿರು ಅಳುತ್ತಾರೆ. ಆದರೆ ಔಷಧಿ ನಾಟದೇ ಇರೋದು ಮಗುವಿಗಲ್ಲ, ಬ್ಯಾಕ್ಟೀರಿಯಾಕ್ಕೆ. ಮೊದಲ ಸಲ ಆಂಟಿಬಯೋಟಿಕ್ ತೆಗೆದುಕೊಳ್ಳುವ ಮಗುವಿನ ಕಣ್ಣಿಗೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸೇರಿಕೊಳ್ಳಬಹುದು.

ಲ್ಯಾಬಿನಲ್ಲಿ ಆಗೋದು ಇಷ್ಟೇ. ಅಗರ್ ಅನ್ನೋ ಜೆಲ್ಲಿ ತುಂಬಿದ ತಟ್ಟೆ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಔಷಧಿಯಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತಾರೆ. ರಾತ್ರಿ ಕಳೆದು ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ ಇರುತ್ತದೆ. ಉಂಗುರ ಬೇಕಾದಷ್ಟು ಅಗಲ ಇದ್ದರೆ ಎಸ್. ಬಿಲ್ಲೆಯ ಅಂಚಿಗೇ ಬಂದು ಬೆಳೆದಿದ್ದರೆ ಆರ್. ಕೆಲವು ಬ್ಯಾಕ್ಟೀರಿಯಾ ಔಷಧಿಯನ್ನೇ ಕತ್ತರಿಸುವ ಕಿಣ್ವ ಬಿಡುತ್ತವೆ, ಕೆಲವು ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಹೊರಗೆ ಹಾಕುತ್ತವೆ. ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಎರಡೂ ಗೊತ್ತು. ಮಣ್ಣಿನಲ್ಲಿರುವ ಬ್ಯಾಸಿಲಸ್ ಸೀರಿಯಸ್‌ಗೆ ಸಾಮಾನ್ಯವಾಗಿ ಪೆನಿಸಿಲಿನ್ ನಾಟೋದೇ ಇಲ್ಲ. ಅದು ಕಣ್ಣಿನೊಳಗೆ ಹೊಕ್ಕರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಅದಕ್ಕೇ ರಿಪೋರ್ಟ್ ಬರಲಿ ಅಂತ ಯಾರೂ ಕಾಯುವುದಿಲ್ಲ, ಚಿಕಿತ್ಸೆ ಮೊದಲ ದಿನವೇ ಶುರು.

ಇನ್ನೊಂದು ವಿಷಯ ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಎಸ್, ಆರ್ ಲೆಕ್ಕ ಹಾಕಿರೋದು ಮಾತ್ರೆ, ಇಂಜೆಕ್ಷನ್ ಕೊಟ್ಟಾಗ ರಕ್ತದಲ್ಲಿ ಸಿಗುವ ಔಷಧಿಯ ಪ್ರಮಾಣದ ಮೇಲೆ. ಕಣ್ಣಿನ ಹನಿ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಇಂಜೆಕ್ಷನ್ ಪುಡಿಯಿಂದಲೇ ಕಲಸಿದ ವ್ಯಾಂಕೊಮೈಸಿನ್ ಹನಿಯಲ್ಲಿ ಒಂದು ಮಿ.ಲೀ.ಗೆ 50 ಮಿ.ಗ್ರಾಂ ತನಕ ಔಷಧಿ ಇರುತ್ತದೆ. ಶುರುವಿನಲ್ಲಿ ಇಂಥ ಹನಿಯನ್ನು ರಾತ್ರಿಯೂ ಬಿಡದೆ ಗಂಟೆಗೊಮ್ಮೆ ಹಾಕಬೇಕು. ಹಾಗಾಗಿ ರಿಪೋರ್ಟಿನಲ್ಲಿ ಆರ್ ಇದ್ದರೂ ಹುಣ್ಣು ಆರುತ್ತಿದ್ದರೆ ಡಾಕ್ಟರ್ ಕೆಲವೊಮ್ಮೆ ಅದೇ ಹನಿ ಮುಂದುವರಿಸುತ್ತಾರೆ. ಅದು ಅಸಡ್ಡೆ ಅಲ್ಲ.

ಕೀವು ಕಣ್ಣಿನ ಒಳಗೇ ಆದರೆ, ಅಂದರೆ ಎಂಡಾಫ್ತಾಲ್ಮೈಟಿಸ್ ಆದರೆ, ಹನಿ ಸಾಲದು. ಸೂಜಿಯಲ್ಲಿ ಕಣ್ಣಿನೊಳಗೇ ಔಷಧಿ ಕೊಡುತ್ತಾರೆ. ದೊಡ್ಡವರಿಗಾದರೆ ಸಾಮಾನ್ಯವಾಗಿ ವ್ಯಾಂಕೊಮೈಸಿನ್ 1 ಮಿ.ಗ್ರಾಂ, ಸೆಫ್ಟಾಜಿಡಿಮ್ 2.25 ಮಿ.ಗ್ರಾಂ. ಒಂದೊಂದೂ ಬರೀ 0.1 ಮಿ.ಲೀ., ಎರಡು ಹನಿಯಷ್ಟು. ಸೆಫ್ಟಾಜಿಡಿಮ್‌ಗೆ ಬಗ್ಗದಿದ್ದರೆ ಇಮಿಪೆನೆಮ್, ಇಲ್ಲಾ ಕಿಡ್ನಿಗೆ ತೊಂದರೆ ಅಂತ ಹಿಂದೆ ಮೂಲೆಗೆ ಸೇರಿಸಿದ್ದ ಕೊಲಿಸ್ಟಿನ್. ಕೀವು ಜಾಸ್ತಿ ಇದ್ದರೆ ವಿಟ್ರೆಕ್ಟಮಿ ಮಾಡಿ, ಕೀವು ತುಂಬಿದ ಒಳಗಿನ ಲೋಳೆಯನ್ನೇ ತೆಗೆಯುತ್ತಾರೆ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದ ಸ್ಟಿರಾಯ್ಡ್ ಹನಿಯಿಂದ ಕೆಂಪೇನೋ ಇಳಿಯುತ್ತದೆ, ಒಳಗೆ ಬ್ಯಾಕ್ಟೀರಿಯಾಕ್ಕೆ ಹಬ್ಬ.

ಮಕ್ಕಳಲ್ಲಿ ಸೋಂಕು ವಾಸಿಯಾದ ಮೇಲೂ ಕೆಲಸ ಬಾಕಿ ಇರುತ್ತದೆ. ಕರಿಗುಡ್ಡೆ ಮೇಲೆ ಕಲೆ ಉಳಿದರೆ ಏಳೆಂಟು ವರ್ಷದೊಳಗಿನ ಮಗುವಿನ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡಬಹುದು. ಅದಕ್ಕೆ ಚೆನ್ನಾಗಿರೋ ಕಣ್ಣಿಗೇ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಪೆಟ್ಟು ಬಿದ್ದ ಕಣ್ಣಿಂದ ನೋಡಿಸುತ್ತಾರೆ. ಮಕ್ಕಳು ಅದನ್ನು ಕಿತ್ತು ಬಿಸಾಕ್ತಾನೇ ಇರುತ್ತಾರೆ, ಮನೆಯವರು ಮತ್ತೆ ಮತ್ತೆ ಅಂಟಿಸುತ್ತಾರೆ.