ಪದ ಪರಿಚಯ: ಸ್ಯಾಂಕ್ಚುರಿ ಸಿಟಿ

2025ರ ಮೇ ಕೊನೆಯಲ್ಲಿ ಅಮೆರಿಕದ ಆಂತರಿಕ ಭದ್ರತೆ ನೋಡಿಕೊಳ್ಳುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಒಂದು ಪಟ್ಟಿ ಹೊರಡಿಸಿತು. ವಲಸೆ ಕಾನೂನು ಜಾರಿಗೆ ಅಡ್ಡಗಾಲು ಹಾಕುತ್ತಿರುವ ‘ಸ್ಯಾಂಕ್ಚುರಿ’ (ಅಂದರೆ ಆಶ್ರಯತಾಣ) ಊರು, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ರಾಜ್ಯಗಳು ಇವು ಅಂತ. ಒಟ್ಟು 500ಕ್ಕೂ ಜಾಸ್ತಿ ಹೆಸರು. ಅದರಲ್ಲಿ ವಿಸ್ಕಾನ್ಸಿನ್ ರಾಜ್ಯದ ಶವಾನೊ ಕೌಂಟಿಯೂ ಇತ್ತು. ಟ್ರಂಪ್‌ಗೆ ವೋಟು ಹಾಕಿದ ಹಳ್ಳಿಗಾಡು ಅದು. ತಮ್ಮ ಹೆಸರು ಯಾಕೆ ಬಂತು ಅಂತ ಅಲ್ಲಿನ ಅಧಿಕಾರಿಗಳಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ಅನುಮಾನ ಬಂತು. 2021ರಲ್ಲಿ ಕೌಂಟಿ ಮಂಡಳಿ ತನ್ನನ್ನು ‘ಸೆಕೆಂಡ್ ಅಮೆಂಡ್‌ಮೆಂಟ್ ಸ್ಯಾಂಕ್ಚುರಿ’ ಎಂದು ಘೋಷಿಸಿಕೊಂಡಿತ್ತು. ಅಂದರೆ ಬಂದೂಕು ಇಟ್ಟುಕೊಳ್ಳುವವರ ಪರ. ಆ ಒಂದು ಪದ ಕಂಡೇ ಯಾರೋ ಪಟ್ಟಿಗೆ ಸೇರಿಸಿರಬೇಕು! ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಕೂಡ ಪಟ್ಟಿಯಲ್ಲಿತ್ತು. ನಾವು ಸ್ಯಾಂಕ್ಚುರಿ ಅಲ್ಲವೇ ಅಲ್ಲ ಅಂತ ನಿರ್ಣಯ ಮಾಡಿಕೊಂಡ ಊರು ಅದು. ಕೌಂಟಿಗಳ ಚುನಾಯಿತ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳ ಸಂಘ ಗರಂ ಆಯಿತು. ಕೆಲವೇ ದಿನಗಳಲ್ಲಿ ಪಟ್ಟಿ ವೆಬ್‌ಸೈಟಿನಿಂದ ಮಾಯ. ಆಗಸ್ಟ್‌ನಲ್ಲಿ ನ್ಯಾಯ ಇಲಾಖೆ ಹೊಸದೊಂದು ಪಟ್ಟಿ ತಂದಾಗ ಅದರಲ್ಲಿ ಉಳಿದದ್ದು ಬರೀ 35 ಹೆಸರು.

500 ಇದ್ದದ್ದು 35ಕ್ಕೆ ಇಳಿಯಿತು ಅಂದರೆ, ಸರ್ಕಾರಕ್ಕೇ ಈ ಪದದ ಬಗ್ಗೆ ಗೊಂದಲ ಇದೆ ಅಂತಾಯಿತು. ಇರಲೇಬೇಕು ಬಿಡಿ, ಎಲ್ಲರೂ ಒಪ್ಪುವ ವ್ಯಾಖ್ಯೆ ಅಲ್ಲಿನ ಕಾನೂನಿನಲ್ಲಿ ಇಲ್ಲ.

ಟಿವಿ ಚರ್ಚೆ ಕೇಳಿದರೆ, ಅಕ್ರಮವಾಗಿ ಬಂದವರನ್ನೆಲ್ಲ ಒಳಗೆ ಸೇರಿಸಿಕೊಂಡು ಬಾಗಿಲು ಹಾಕಿಕೊಂಡ ಊರು ಅನ್ನಿಸುತ್ತದೆ. ಅಂಥ ಊರು ಎಲ್ಲೂ ಇಲ್ಲ. ಗಡೀಪಾರು ಮಾಡುವ ಕೆಲಸ ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ್ದು. ಅದಕ್ಕಾಗಿ 2003ರಲ್ಲಿ ಶುರುವಾದ ಒಂದು ಸಂಸ್ಥೆ ಇದೆ, ಬಾಯಿಮಾತಿನಲ್ಲಿ ‘ಐಸ್’. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರಲಿ, ಶಿಕಾಗೋದಲ್ಲಿರಲಿ, ಐಸ್‌ನವರು ಬಂದು ಜನರನ್ನು ಹಿಡಿಯಬಹುದು, ಹಿಡಿಯುತ್ತಲೂ ಇದ್ದಾರೆ. ಸ್ಯಾಂಕ್ಚುರಿ ಊರು ಹೇಳುವುದು ಇಷ್ಟೇ: ಅದು ನಿಮ್ಮ ಕೆಲಸ, ನೀವೇ ಮಾಡಿಕೊಳ್ಳಿ. ನಮ್ಮ ಪೊಲೀಸರು, ನಮ್ಮ ಜೈಲು, ನಮ್ಮ ದುಡ್ಡು ಅದಕ್ಕೆ ಕೊಡಲ್ಲ.

ಜಗಳವೆಲ್ಲ ನಡೆಯುವುದು ಒಂದು ಫಾರಂ ಸುತ್ತ. ಒಬ್ಬ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಅಂದುಕೊಳ್ಳಿ. ಕೌಂಟಿ ಜೈಲಿನಲ್ಲಿ ಅವನ ಬೆರಳಚ್ಚು ತೆಗೆಯುತ್ತಾರೆ. ಅದು ಎಫ್‌ಬಿಐಗೆ ಹೋಗುತ್ತದೆ. ಅಲ್ಲಿಂದ ತಾನಾಗಿಯೇ ಹೋಮ್‌ಲ್ಯಾಂಡ್ ಸೆಕ್ಯುರಿಟಿಗೂ ಹೋಗುತ್ತದೆ. ಇದನ್ನು ಯಾವ ಊರೂ ತಪ್ಪಿಸಲಾಗದು. ದಾಖಲೆಯಲ್ಲಿ ಹೊಂದಾಣಿಕೆ ಕಂಡರೆ ಐಸ್ ಕಡೆಯಿಂದ ಜೈಲಿಗೆ ‘ಡಿಟೇನರ್’ ಬರುತ್ತದೆ. ಇವನನ್ನು ಬಿಡುಗಡೆ ಮಾಡುವ ಮೊದಲು ನಮಗೆ ತಿಳಿಸಿ, ಬಿಡುವ ಹೊತ್ತಾದ ಮೇಲೂ 48 ಗಂಟೆವರೆಗೆ ಇಟ್ಟುಕೊಳ್ಳಿ, ನಾವು ಬಂದು ಕರೆದೊಯ್ಯುತ್ತೇವೆ ಅಂತ.

ಈ ಕಾಗದಕ್ಕೆ ಸಹಿ ಹಾಕುವವರು ವಲಸೆ ಅಧಿಕಾರಿ, ನ್ಯಾಯಾಧೀಶರಲ್ಲ. ಜಾಮೀನು ಸಿಕ್ಕವನನ್ನು ನ್ಯಾಯಾಧೀಶರ ವಾರಂಟ್ ಇಲ್ಲದೆ ಇನ್ನೆರಡು ದಿನ ಕೂಡಿಹಾಕಬಹುದಾ? 2014ರಲ್ಲಿ ಪೆನ್ಸಿಲ್ವೇನಿಯಾದ ಒಂದು ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಡಿಟೇನರ್ ಅನ್ನುವುದು ಬರೀ ಕೋರಿಕೆ, ಹುಕುಂ ಅಲ್ಲ ಅಂದಿತು. ಅಲ್ಲಿ ಹಾಗೆ ಕೂಡಿಹಾಕಿದ್ದ ಮನುಷ್ಯ ನ್ಯೂಜೆರ್ಸಿಯಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ! ಅದೇ ವರ್ಷ ಒರೆಗಾನ್‌ನಲ್ಲಿ ಇನ್ನೊಂದು ಕೋರ್ಟು, ಹೀಗೆ ಇಟ್ಟುಕೊಂಡ ಕೌಂಟಿಯೇ ಸಂವಿಧಾನ ಮೀರಿದೆ ಅಂದಿತು. ಅದಾದ ಮೇಲೆ ಎಷ್ಟೋ ಕೌಂಟಿಗಳು ಡಿಟೇನರ್ ಸಹವಾಸವೇ ಬೇಡ ಅಂದವು. ವಲಸಿಗರ ಮೇಲಿನ ಪ್ರೀತಿಗಿಂತ ಕೇಸು ಬಿದ್ದೀತು ಅನ್ನುವ ಭಯವೇ ಕೆಲವು ಕಡೆ ಜಾಸ್ತಿ ಕೆಲಸ ಮಾಡಿತು.

ಪದ ಹುಟ್ಟಿದ ಕಥೆ ಬೇರೆಯೇ ಇದೆ. 1980ರ ದಶಕದಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ. ಸೈನ್ಯ, ಸೈನ್ಯದ ಬೆಂಬಲದ ಕೊಲೆಗಡುಕ ದಳಗಳು ಊರೂರನ್ನೇ ಮುಗಿಸುತ್ತಿದ್ದವು. ಜನ ಜೀವ ಕೈಲಿ ಹಿಡಿದು ಉತ್ತರಕ್ಕೆ ಓಡಿ ಬಂದರು. ಆದರೆ ಆ ಸರ್ಕಾರಗಳು ಅಮೆರಿಕದ ಅಧ್ಯಕ್ಷ ರೇಗನ್ ಆಡಳಿತಕ್ಕೆ ಕಮ್ಯುನಿಸ್ಟರ ವಿರುದ್ಧ ಬೇಕಾದ ಗೆಳೆಯರು. ಬಂದವರನ್ನು ನಿರಾಶ್ರಿತರು ಅಂತ ಒಪ್ಪಿಕೊಂಡರೆ, ನಮ್ಮ ಗೆಳೆಯ ತನ್ನ ಜನರನ್ನೇ ಕೊಲ್ಲುತ್ತಿದ್ದಾನೆ ಅಂತ ಒಪ್ಪಿಕೊಂಡ ಹಾಗೆ. ಒಪ್ಪಲಿಲ್ಲ. 1984ರಲ್ಲಿ ಈ ಎರಡು ದೇಶದವರ ಆಶ್ರಯದ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಪಾಸಾಗಲಿಲ್ಲ. ವಿದೇಶಾಂಗ ನೀತಿ ಅನ್ನುವುದು ಎಲ್ಲೋ ರಾಜಧಾನಿಯ ವಿಷಯ ಅಂದುಕೊಳ್ಳುತ್ತೇವೆ. ಅದು ಗಡಿಯ ಕೌಂಟರಿನಲ್ಲಿ ಒಬ್ಬ ಗುಮಾಸ್ತನ ಠಸ್ಸೆಯಾಗಿ ಬೀಳುವುದು ಹೀಗೆ.

1982ರ ಮಾರ್ಚ್ 24ರಂದು ಅರಿಜೋನಾದ ಟೂಸಾನ್‌ನಲ್ಲಿ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಜಾನ್ ಫೈಫ್, ಇವರಿಗೆ ನಮ್ಮ ಚರ್ಚಿನಲ್ಲಿ ಆಶ್ರಯ ಕೊಡುತ್ತೇವೆ ಅಂತ ಬಹಿರಂಗವಾಗಿ ಸಾರಿದರು. ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ರೊಮೆರೊ ಪೂಜೆ ಮಾಡುತ್ತಿದ್ದಾಗಲೇ ಗುಂಡಿಗೆ ಬಲಿಯಾಗಿ ಅಂದಿಗೆ ಸರಿಯಾಗಿ ಎರಡು ವರ್ಷ. ಸರ್ಕಾರ ಸುಮ್ಮನೆ ಕೂರಲಿಲ್ಲ. ಭಕ್ತರ ವೇಷದಲ್ಲಿ ಮಾಹಿತಿದಾರರನ್ನು ಚರ್ಚಿನೊಳಕ್ಕೆ ಕಳಿಸಿತು, ಕೇಸು ಹಾಕಿತು. 1986ರಲ್ಲಿ ಫೈಫ್ ಸೇರಿ ಎಂಟು ಮಂದಿ ತಪ್ಪಿತಸ್ಥರು ಅಂತ ತೀರ್ಪು ಬಂತು. ಜೈಲಿಗೆ ಯಾರನ್ನೂ ಕಳಿಸಲಿಲ್ಲ. ಚರ್ಚಿನ ಈ ಚಳವಳಿ ನೋಡಿಯೇ ಊರುಗಳೂ ನಿರ್ಣಯ ಮಾಡತೊಡಗಿದವು. ಸ್ಯಾನ್ ಫ್ರಾನ್ಸಿಸ್ಕೊ 1985ರಲ್ಲಿ ನಿರ್ಣಯ ಮಾಡಿ, 1989ರಲ್ಲಿ ಅದನ್ನು ಕಾನೂನೇ ಮಾಡಿತು.

ಇದಕ್ಕೂ ಮುಂಚೆ, ಆಶ್ರಯದ ಮಾತೇ ಇಲ್ಲದೆ, ಅದೇ ಕೆಲಸವನ್ನು ಪೊಲೀಸರೊಬ್ಬರು ಮಾಡಿದ್ದರು. 1979ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ‘ಸ್ಪೆಷಲ್ ಆರ್ಡರ್ 40’ ಹೊರಡಿಸಿದರು. ಯಾರ ವಲಸೆ ದಾಖಲೆ ಏನು ಅಂತ ಪತ್ತೆ ಮಾಡಲೆಂದೇ ಪೊಲೀಸರು ಕಾರ್ಯಾಚರಣೆಗೆ ಇಳಿಯಬಾರದು ಅಂತ. ಗೇಟ್ಸ್ ಕರುಣಾಮೂರ್ತಿ ಏನಲ್ಲ, ಲಾಠಿಯ ಮೇಲೆ ನಂಬಿಕೆ ಇಟ್ಟ ಗಟ್ಟಿ ಆಸಾಮಿ. ಆದರೆ ಅವರ ಲೆಕ್ಕ ಸರಳ. ಪೊಲೀಸರನ್ನು ಕಂಡರೆ ಗಡೀಪಾರಿನ ಭಯ ಆದರೆ ಕೊಲೆ ನೋಡಿದವನೂ ಸಾಕ್ಷಿ ಹೇಳಲು ಬರಲ್ಲ, ಗಂಡನ ಕೈಲಿ ಏಟು ತಿಂದವಳೂ ದೂರು ಕೊಡಲ್ಲ.

ನ್ಯೂಯಾರ್ಕ್‌ನಲ್ಲಿ ಇಂಥದ್ದೇ ನಿಯಮವನ್ನು ಉಳಿಸಿಕೊಳ್ಳಲು ಕೋರ್ಟಿಗೆ ಹೋಗಿದ್ದು ಯಾರು ಗೊತ್ತಾ? ಮೇಯರ್ ರೂಡಿ ಜೂಲಿಯಾನಿ. ಹೌದು, ಮುಂದೆ ಟ್ರಂಪ್ ವಕೀಲರಾದ ಅದೇ ಜೂಲಿಯಾನಿ. 1996ರಲ್ಲಿ ಅಮೆರಿಕದ ಸಂಸತ್ತು, ವಲಸೆ ಮಾಹಿತಿ ಹಂಚಿಕೊಳ್ಳುವುದನ್ನು ಯಾವ ಊರೂ ತಡೆಯುವಂತಿಲ್ಲ ಅಂತ ಕಾಯ್ದೆ ಮಾಡಿದಾಗ ಅವರು ಫೆಡರಲ್ ಸರ್ಕಾರದ ಮೇಲೆ ಕೇಸು ಹಾಕಿ ಸೋತರು. 2007ರಲ್ಲಿ ರಿಪಬ್ಲಿಕನ್ ಪಕ್ಷದೊಳಗಿನ ಅಧ್ಯಕ್ಷೀಯ ಪೈಪೋಟಿಯಲ್ಲಿ ಮಿಟ್ ರಾಮ್ನಿ ಇದನ್ನೇ ಎತ್ತಿ ಆಡಿದರು. ನಿಮ್ಮ ಮನೆಯ ಹುಲ್ಲು ಕತ್ತರಿಸುವವರಲ್ಲೇ ಅಕ್ರಮ ವಲಸಿಗರಿದ್ದರು, ನಿಮ್ಮದು ‘ಸ್ಯಾಂಕ್ಚುರಿ ಬಂಗಲೆ’ ಅಂತ ಜೂಲಿಯಾನಿ ತಿರುಗೇಟು ಕೊಟ್ಟರು. ಚರ್ಚಿನಲ್ಲಿ ಹುಟ್ಟಿದ ಪದ ಚುನಾವಣೆಯ ಬೈಗುಳ ಆಗಿತ್ತು.

ಬಲಪಂಥೀಯರ ವಾದಕ್ಕೆ ಬರೋಣ. ಅದರಲ್ಲಿ ಗಟ್ಟಿಯೂ ಇದೆ, ಜೊಳ್ಳೂ ಇದೆ.

ಗಟ್ಟಿ ಯಾವುದು ಅಂದರೆ, ಜೈಲಿನೊಳಗೆ ಹಸ್ತಾಂತರ ಆಗುವುದೇ ಎಲ್ಲರಿಗೂ ಕ್ಷೇಮ ಅನ್ನುವ ಮಾತು. ಟ್ರಂಪ್ ಸರ್ಕಾರದಲ್ಲಿ ಗಡಿ ವ್ಯವಹಾರ ನೋಡಿಕೊಳ್ಳುವ ಟಾಮ್ ಹೋಮನ್ ಇದನ್ನು ಪದೇ ಪದೇ ಹೇಳುತ್ತಾರೆ. ಜೈಲಿನಲ್ಲಿ ಒಪ್ಪಿಸಿದರೆ ಒಬ್ಬ ಅಧಿಕಾರಿ ಸಾಕು. ಬಿಟ್ಟರೆ ಅವನನ್ನು ಹುಡುಕಿಕೊಂಡು ಒಂದು ತಂಡವೇ ಬಡಾವಣೆಗೆ ನುಗ್ಗಬೇಕು, ಆಗ ಪಕ್ಕದಲ್ಲಿದ್ದ ಏನೂ ಮಾಡದವರೂ ಬಲೆಗೆ ಬೀಳುತ್ತಾರೆ. ಈ ಮಾತಿಗೆ ಎದುರಾಳಿಗಳು ನೇರ ಉತ್ತರ ಕೊಡುವುದು ಅಪರೂಪ. 2015ರ ಜುಲೈ 1ರಂದು ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಅಪ್ಪನ ಜೊತೆ ನಡೆದು ಹೋಗುತ್ತಿದ್ದ 32 ವರ್ಷದ ಯುವತಿಯೊಬ್ಬಳು ಗುಂಡು ತಗುಲಿ ಸತ್ತಳು. ಗುಂಡು ಹಾರಿದ್ದು ಅದಾಗಲೇ ಐದು ಸಲ ಗಡೀಪಾರಾಗಿದ್ದವನ ಕೈಲಿದ್ದ ಪಿಸ್ತೂಲಿನಿಂದ. ಕೆಲವೇ ತಿಂಗಳ ಹಿಂದೆ ಅವನು ಅದೇ ಊರಿನ ಜೈಲಿನಲ್ಲಿದ್ದ. ಐಸ್ ಡಿಟೇನರ್ ಕಳಿಸಿತ್ತು. ಜೈಲು ಬಿಟ್ಟು ಕಳಿಸಿತ್ತು. ಗುಂಡು ನೆಲಕ್ಕೆ ಬಡಿದು ಸಿಡಿದದ್ದು, ಪಿಸ್ತೂಲು ಫೆಡರಲ್ ಅಧಿಕಾರಿಯೊಬ್ಬರ ಕಾರಿನಿಂದ ಕದ್ದದ್ದು, 2017ರಲ್ಲಿ ಜ್ಯೂರಿ ಅವನನ್ನು ಕೊಲೆ ಆರೋಪದಿಂದ ಬಿಟ್ಟದ್ದು, ಎಲ್ಲವೂ ನಿಜ. ಆದರೆ ಬಿಡುವ ಮೊದಲು ಜೈಲಿನವರು ಐಸ್‌ಗೆ ಒಂದು ಫೋನ್ ಮಾಡಿದ್ದರೆ ಅವನು ಅಲ್ಲಿರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ ಅಲ್ವಾ?

ಒಂದು ಪ್ರಕರಣದಿಂದ ಇಡೀ ನೀತಿಯನ್ನು ಅಳೆಯಲಾಗದು ಅನ್ನುವುದು ಬೇರೆ ಮಾತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಈ ನೀತಿ ಇರುವ ಕೌಂಟಿಗಳಲ್ಲಿ ಗಡೀಪಾರು ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಯಿತು. ಅಪರಾಧ ಹೆಚ್ಚಿದ ಗುರುತು ಕಾಣಲಿಲ್ಲ.

ಜೊಳ್ಳು ಯಾವುದು? ಇದು ಕಾನೂನುಬಾಹಿರ, ದೇಶದ್ರೋಹ, ಬಂಡಾಯ ಅನ್ನುವ ಮಾತು. ಸ್ಯಾಂಕ್ಚುರಿ ಊರುಗಳ ಕಾನೂನಿನ ಬೇರು ಇರುವುದೇ ಕನ್ಸರ್ವೇಟಿವ್‌ಗಳ ಹಿತ್ತಲಿನಲ್ಲಿ. 1993ರ ಬ್ರೇಡಿ ಕಾಯ್ದೆ, ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸಿ ಅಂತ ಊರಿನ ಶೆರಿಫ್‌ಗಳಿಗೆ ಹೇಳಿತು. ಮೊಂಟಾನಾದ ಶೆರಿಫ್ ಜೇ ಪ್ರಿಂಟ್ಜ್, ಅರಿಜೋನಾದ ಶೆರಿಫ್ ರಿಚರ್ಡ್ ಮ್ಯಾಕ್ ಕೋರ್ಟಿಗೆ ಹೋದರು. ನಾವು ನಮ್ಮ ಜನ ಆರಿಸಿದವರು, ವಾಷಿಂಗ್ಟನ್‌ನ ಆಳುಗಳಲ್ಲ ಅಂತ. 1997ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ಪರ ನಿಂತಿತು. ತೀರ್ಪು ಬರೆದವರು ಆಂಟನಿನ್ ಸ್ಕಲಿಯಾ, ಕನ್ಸರ್ವೇಟಿವ್‌ಗಳ ಆರಾಧ್ಯದೈವ. ಫೆಡರಲ್ ಸರ್ಕಾರ ತನ್ನ ಕಾನೂನು ಜಾರಿ ಮಾಡಲು ರಾಜ್ಯದ, ಊರಿನ ಅಧಿಕಾರಿಗಳನ್ನು ದುಡಿಸಿಕೊಳ್ಳುವಂತಿಲ್ಲ ಅನ್ನುವುದೇ ಅದರ ಸಾರ. 2018ರಲ್ಲಿ ಕ್ರೀಡಾ ಬೆಟ್ಟಿಂಗ್ ಕೇಸಿನಲ್ಲಿ ನ್ಯಾಯಮೂರ್ತಿ ಅಲಿಟೊ ಅದನ್ನೇ ಇನ್ನಷ್ಟು ಬಿಗಿ ಮಾಡಿದರು. ಈಗ ಸ್ಯಾಂಕ್ಚುರಿ ಊರುಗಳ ವಕೀಲರು ಎತ್ತಿ ಹಿಡಿಯುವುದು ಇವೇ ತೀರ್ಪುಗಳನ್ನು. ಇಲಿನಾಯ್ ಮತ್ತು ಶಿಕಾಗೋ ಮೇಲೆ ಟ್ರಂಪ್ ಸರ್ಕಾರ ಹಾಕಿದ್ದ ಕೇಸನ್ನು 2025ರ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು ವಜಾ ಮಾಡಿದ್ದೂ ರಾಜ್ಯಗಳ ಈ ಹಕ್ಕಿನ ಆಧಾರದ ಮೇಲೆಯೇ.

1832ರಲ್ಲಿ ದಕ್ಷಿಣ ಕ್ಯಾರೊಲಿನಾ ಫೆಡರಲ್ ಸುಂಕ ನಮ್ಮಲ್ಲಿ ನಡೆಯಲ್ಲ ಅಂದಿತ್ತು, ಇದೂ ಅಂಥದ್ದೇ ಅಂತ ಕೆಲವರು ಹೋಲಿಸುತ್ತಾರೆ. ಅಲ್ಲ. ನಿನ್ನ ಕಾನೂನೇ ಇಲ್ಲಿ ನಡೆಯಲ್ಲ ಅನ್ನುವುದು ಬೇರೆ, ನಾನು ಕೈ ಜೋಡಿಸಲ್ಲ ಅನ್ನುವುದು ಬೇರೆ. ಹತ್ತಿರದ ಉದಾಹರಣೆ ಬೇಕಾದರೆ 1842ಕ್ಕೆ ಹೋಗಿ. ಓಡಿಹೋದ ಗುಲಾಮರನ್ನು ಹಿಡಿಯಲು ರಾಜ್ಯಗಳ ಅಧಿಕಾರಿಗಳು ನೆರವಾಗಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟು ಆಗಲೇ ಹೇಳಿತ್ತು. ಉತ್ತರದ ರಾಜ್ಯಗಳು ಅದನ್ನೇ ಹಿಡಿದುಕೊಂಡವು. 1860ರಲ್ಲಿ ಒಕ್ಕೂಟ ಬಿಟ್ಟು ಹೊರಟ ದಕ್ಷಿಣ ಕ್ಯಾರೊಲಿನಾದ ದೂರುಗಳಲ್ಲಿ ಇದೂ ಒಂದು.

ಪದಗಳು ಬಿಸಿಯಾದಂತೆ ಗುಂಡಿನ ಸದ್ದೂ ಹತ್ತಿರವಾಗಿದೆ. 2025ರ ಮೇನಲ್ಲಿ ಡೆಮಾಕ್ರಟ್ ಪಕ್ಷದ ಮಿನ್ನೆಸೋಟಾ ಗವರ್ನರ್ ಟಿಮ್ ವಾಲ್ಜ್ ಐಸ್ ಅನ್ನು ಟ್ರಂಪ್‌ರ ಗೆಸ್ಟಾಪೊ (ಹಿಟ್ಲರನ ಗುಪ್ತ ಪೊಲೀಸ್) ಅಂತ ಕರೆದರು. ಸೆಪ್ಟೆಂಬರ್ 10ರಂದು ಯೂಟಾದಲ್ಲಿ ಟ್ರಂಪ್ ಪರ ಬಲಪಂಥೀಯ ಮುಖಂಡ ಚಾರ್ಲಿ ಕರ್ಕ್ ಹತ್ಯೆಯಾಯಿತು. ಎರಡು ವಾರಕ್ಕೆ ಡಲ್ಲಾಸ್‌ನ ಐಸ್ ಕಚೇರಿ ಮೇಲೆ ಒಬ್ಬ ಗುಂಡು ಹಾರಿಸಿದ. ಅವನ ತೋಟಾದ ಮೇಲೆ ಐಸ್ ವಿರೋಧಿ ಬರಹ ಇತ್ತು. ಸತ್ತವರು ಮಾತ್ರ ಇಬ್ಬರು ಬಂಧಿತ ವಲಸಿಗರು. ನಿಮ್ಮ ಮಾತೇ ಕೊಂದಿತು ಅಂತ ಬಲಪಂಥೀಯರು ಡೆಮಾಕ್ರಟರತ್ತ ಬೆರಳು ತೋರಿಸಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ 2019ರಲ್ಲಿ ಎಲ್ ಪಾಸೊದಲ್ಲಿ 23 ಜನರನ್ನು ಕೊಂದವನು ತನ್ನ ಬರಹದಲ್ಲಿ ವಲಸೆಯ ಬಗ್ಗೆ ಬಳಸಿದ ಪದ ‘ಆಕ್ರಮಣ’. 2025ರ ಜನವರಿ 20ರಂದು ಹೊರಟ, ಸ್ಯಾಂಕ್ಚುರಿ ಊರುಗಳ ಅನುದಾನ ಕತ್ತರಿಸುವ ಮಾತಿರುವ ಟ್ರಂಪ್ ಆದೇಶದ ಹೆಸರಿನಲ್ಲೇ ಅದೇ ಪದ ಇದೆ. ಅಳತೆಗೋಲು ಒಂದೇ ಇರಬೇಕು, ಅಷ್ಟೇ.

ನಮ್ಮವರಿಗೆ ಇದರಿಂದ ಏನಾದರೂ ಇದೆಯಾ? ಸಾಕಷ್ಟು ಕನ್ನಡಿಗರಿರುವ ಸ್ಯಾನ್ ಹೋಸೆ, ಸನ್ನಿವೇಲ್ ಎಲ್ಲ ಬರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಅನುದಾನ ಕತ್ತರಿಸುವ ಟ್ರಂಪ್‌ರ ಮೊದಲ ಆದೇಶದ ವಿರುದ್ಧ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೊತೆ ಕೋರ್ಟಿಗೆ ಹೋಗಿ ತಡೆ ತಂದ ಕೌಂಟಿ ಇದೇ. ಹಾಗಂತ ವೀಸಾ ಮುಗಿದವರಿಗೆ ಅಲ್ಲಿ ರಕ್ಷಣೆ ಇದೆ ಅಂದುಕೊಂಡರೆ ಕೆಟ್ಟಿರಿ. ಎಚ್-1ಬಿ, ಗ್ರೀನ್ ಕಾರ್ಡ್ ಎಲ್ಲ ಫೆಡರಲ್ ಸರ್ಕಾರದ ಕೈಲಿದೆ, ಕೌಂಟಿಗೆ ಅದರಲ್ಲಿ ಕವಡೆಕಾಸಿನ ಅಧಿಕಾರ ಇಲ್ಲ.

ಅದಕ್ಕಿಂತ ಗಮನಿಸಬೇಕಾದದ್ದು 2025ರ ಜನವರಿಯಲ್ಲಿ ಬಂದ ಲೇಕನ್ ರೈಲಿ ಕಾಯ್ದೆ. ಕಳ್ಳತನದಂಥ ಆರೋಪ ಬಂದ ಅಕ್ರಮ ವಲಸಿಗರನ್ನು ಬಂಧಿಸಿಡಬೇಕು ಅನ್ನುವ ಭಾಗವಷ್ಟೇ ಸುದ್ದಿಯಾಯಿತು. ಅದರಲ್ಲೇ ಇನ್ನೊಂದು ಕಲಂ ಇದೆ. ತನ್ನ ಜನರನ್ನು ವಾಪಸ್ ಕರೆಸಿಕೊಳ್ಳದ ದೇಶಕ್ಕೆ ವೀಸಾ ನಿಲ್ಲಿಸಿ ಅಂತ ಯಾವುದೇ ರಾಜ್ಯದ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲ) ಫೆಡರಲ್ ಸರ್ಕಾರದ ಮೇಲೆ ಕೇಸು ಹಾಕಬಹುದು. ಅಂದರೆ ಟೆಕ್ಸಾಸ್‌ನ ಆ ಸರ್ಕಾರಿ ವಕೀಲ ಬೆಂಗಳೂರಿನ ವೀಸಾ ಅರ್ಜಿಗೆ ಕಲ್ಲು ಹಾಕಲು ಪ್ರಯತ್ನಿಸಬಹುದು. ಭಾರತ ಸರ್ಕಾರ ಈ ವಿಷಯದಲ್ಲಿ ಹಠ ಹಿಡಿದಿಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಮಿಲಿಟರಿ ವಿಮಾನ ಅಮೃತಸರದಲ್ಲಿ ಇಳಿಯಿತು. ಕೈಕೋಳ ಹಾಕಿ ಕರೆತಂದದ್ದಕ್ಕೆ ಸಂಸತ್ತಿನಲ್ಲಿ ಗದ್ದಲ ಎದ್ದಿತು. 2012ರಿಂದಲೂ ಅವರ ಪದ್ಧತಿ ಹಾಗೇ ಇದೆ ಅಂತ ವಿದೇಶಾಂಗ ಸಚಿವ ಜೈಶಂಕರ್ ಉತ್ತರ ಕೊಟ್ಟರು.