ನೇಪಾಳದ ಹರೆಯಕ್ಕೆ ದನಿ ಬಂದ ಬಗೆ

2025ರ ಸೆಪ್ಟೆಂಬರ್ 4ರಂದು ನೇಪಾಳ ಸರ್ಕಾರ ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಎಕ್ಸ್ ಸೇರಿದಂತೆ 26 ಸಾಮಾಜಿಕ ಜಾಲತಾಣಗಳನ್ನು ತಡೆಹಿಡಿಯಲು ಆದೇಶಿಸಿತು. ಸೆಪ್ಟೆಂಬರ್ 8ರ ಸೋಮವಾರ ಕಠ್ಮಂಡುವಿನ ಮೈತಿಘರ್ ಮಂಡಲದಲ್ಲಿ ಸಾವಿರಾರು ಯುವಕ ಯುವತಿಯರು ಸೇರಿದರು. ಶಾಲಾ ಕಾಲೇಜಿನ ಸಮವಸ್ತ್ರದಲ್ಲೇ ಬಂದಿದ್ದ ಮಕ್ಕಳೂ ಅವರಲ್ಲಿದ್ದರು. ಗುಂಪು ನ್ಯೂ ಬಾನೇಶ್ವರದ ಸಂಸತ್ ಭವನದತ್ತ ಸಾಗಿತು. ಪೊಲೀಸರು ಗುಂಡು ಹಾರಿಸಿದರು. ಅಂದು ಒಂದೇ ದಿನ ದೇಶದಲ್ಲಿ 19 ಮಂದಿ ಸತ್ತರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು, ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರ್ ಹೊತ್ತಿ ಉರಿಯಿತು. ಫೇಸ್‌ಬುಕ್ ಕಿತ್ತುಕೊಂಡದ್ದಕ್ಕೆ ಹುಡುಗರು ಸರ್ಕಾರವನ್ನೇ ಬೀಳಿಸಿದರು ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಆ ಮಾತು ನೇಪಾಳದ ಹರೆಯದವರಿಗೆ ಮಾಡುವ ಅನ್ಯಾಯವೆಂದೇ ನನ್ನ ಎಣಿಕೆ. ಅವರ ಕೈಯಲ್ಲಿದ್ದ ಫೋನಿಗೆ ಅಷ್ಟೊಂದು ತೂಕ ಬಂದದ್ದು ಏಕೆಂದು ತಿಳಿಯಬೇಕಾದರೆ ಆ ದೇಶದಲ್ಲಿ ಯಾರು ಮಾತಾಡಬಹುದಿತ್ತು, ಯಾರು ಬರೀ ಕೇಳಬೇಕಿತ್ತು ಎಂಬ ಎಪ್ಪತ್ತೈದು ವರ್ಷಗಳ ಕಥೆಗೆ ಹೋಗಬೇಕಾಗುತ್ತದೆ.

ಈ ಕಥೆಯನ್ನು ನೋಡಲು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಕಠ್ಮಂಡುವಿನ ಬಾಡಿಗೆ ಮನೆಯೊಂದರಲ್ಲಿ, ವಿಕ್ರಮ ಸಂವತ್ 2058ರಲ್ಲಿ, ಅಂದರೆ 2001ರ ಮೇ ತಿಂಗಳಲ್ಲಿ ಹುಟ್ಟಿದವಳು. ಅವಳಿಗೆ ಮೂರು ವಾರ ತುಂಬುವಷ್ಟರಲ್ಲಿ, ಜೂನ್ 1ರ ರಾತ್ರಿ, ನಾರಾಯಣಹಿತಿ ಅರಮನೆಯಲ್ಲಿ ದೊರೆ ಬೀರೇಂದ್ರರ ಕುಟುಂಬದ ಹತ್ಯೆಯಾಯಿತು. ಅಂಥ ಹುಡುಗಿಯರು ಸೆಪ್ಟೆಂಬರಿನ ಆ ಗುಂಪಿನಲ್ಲಿ ಬೇಕಾದಷ್ಟು ಮಂದಿ ಇದ್ದರು.

ಅವಳ ಅಜ್ಜಿಯ ಕಾಲಕ್ಕೆ ಇದ್ದದ್ದು ಒಂದೇ ದನಿ. ರಾಣಾ ಮನೆತನದ ಪ್ರಧಾನಿಗಳ 104 ವರ್ಷಗಳ ಆಳ್ವಿಕೆ ಮುಗಿದ 1951ರಲ್ಲಿಯೇ, ಏಪ್ರಿಲ್ 2ರಂದು, ರೇಡಿಯೋ ನೇಪಾಳ ಬಾನುಲಿ ಆರಂಭಿಸಿತು. ಬೆಟ್ಟದ ಊರುಗಳಿಗೆ ರಸ್ತೆ ಹೋಗುವ ಎಷ್ಟೋ ಮೊದಲು ರೇಡಿಯೋ ಹೋಯಿತು. ಸ್ವರ ಸಾಮ್ರಾಟ ಎಂದು ಇಂದಿಗೂ ಕರೆಸಿಕೊಳ್ಳುವ ನಾರಾಯಣ ಗೋಪಾಲರ ಹಾಡುಗಳು, ಅರುಣಾ ಲಾಮಾ ಅವರ ಹಾಡುಗಳು ಮನೆಮಾತಾದದ್ದು ಆ ಒಂದೇ ನಿಲಯದ ಮೂಲಕ. ಅದು ಕೊಟ್ಟದ್ದು ದೊಡ್ಡದು, ಕಿತ್ತುಕೊಂಡದ್ದೂ ಸಣ್ಣದಲ್ಲ. 1960ರಲ್ಲಿ ದೊರೆ ಮಹೇಂದ್ರ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ, ಪಕ್ಷಗಳನ್ನು ನಿಷೇಧಿಸಿ, ಪಂಚಾಯತ್ ಎಂಬ ಹೆಸರಿನ ಅರಸೊತ್ತಿಗೆಯ ಆಡಳಿತ ತಂದಾಗ ‘ಒಂದೇ ಭಾಷೆ, ಒಂದೇ ವೇಷ’ ಎಂಬುದು ರಾಜ್ಯದ ಮಂತ್ರವಾಯಿತು. 1965ರಲ್ಲಿ ರೇಡಿಯೋ ನೇಪಾಳದ ಹಿಂದಿ ಮತ್ತು ಕಠ್ಮಂಡು ಕಣಿವೆಯ ನುಡಿಯಾದ ನೇವಾರಿ ವಾರ್ತೆಗಳು ನಿಂತುಹೋದವು. 2021ರ ಜನಗಣತಿಯಲ್ಲಿ 124 ತಾಯ್ನುಡಿಗಳು ದಾಖಲಾದ ನಾಡು ಅದು. ಅಂಥ ನಾಡಿನ ಎಷ್ಟೋ ಮಕ್ಕಳು ತಮ್ಮ ಮನೆಯ ಮಾತನ್ನು ಪೆಟ್ಟಿಗೆಯೊಳಗಿನಿಂದ ಒಮ್ಮೆಯೂ ಕೇಳದೆ ಬೆಳೆದರು. 1985ರಲ್ಲಿ ನೇಪಾಳ ಟೆಲಿವಿಷನ್ ಬಂದಾಗಲೂ ಅದು ಸರ್ಕಾರದ್ದೇ ಆಗಿತ್ತು.

ಹಾಗೆಂದು ಜನ ಮೂಕರಾಗಿದ್ದರೆಂದು ತಿಳಿಯಬಾರದು. ಬೆಟ್ಟಗಾಡಿನ ಗುರುಂಗ್ ಸಮುದಾಯದ ಊರುಗಳಲ್ಲಿ ಹರೆಯದ ಹುಡುಗ ಹುಡುಗಿಯರು ಸಂಜೆ ಕೂಡುವ ರೋಧಿ ಮನೆಗಳಿದ್ದವು, ಗಂಡಿನ ಸಾಲಿಗೆ ಹೆಣ್ಣು ಆಗಿಂದಾಗಲೇ ಕಟ್ಟಿ ಉತ್ತರ ಕೊಡುವ ದೋಹೊರಿ ಹಾಡಿಕೆ ಇತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಹರದೇಶಿ ನಾಗೇಶಿ ವಾದ ಕೇಳಿ ಬೆಳೆದವರಿಗೆ ದೋಹೊರಿಯ ರುಚಿ ಹೇಳಿಕೊಡಬೇಕಾಗಿಲ್ಲ: ಎದುರಾಳಿಯ ಮಾತು ಮುಗಿಯುವುದರೊಳಗೆ ಪ್ರಾಸ ಸಿದ್ಧವಿರಬೇಕು, ಸೋತವರು ಸುಮ್ಮನಾಗಬೇಕು. ಹೆಂಗಸರು ತೀಜ್ ಹಬ್ಬದ ಹಾಡುಗಳಲ್ಲಿ ಅತ್ತೆಮನೆಯ ಕಷ್ಟವನ್ನಷ್ಟೇ ಅಲ್ಲ, ಊರ ಗೌಡಿಕೆಯನ್ನೂ ಹಾಡಿಕೊಂಡರು. ಅಲ್ಲಿನ ದೀಪಾವಳಿಯಾದ ತಿಹಾರ್ ಹಬ್ಬದ ರಾತ್ರಿ ಹುಡುಗರ ತಂಡ ದೇವುಸಿ ಆಡುತ್ತ ಮನೆ ಮನೆಗೆ ಹೋಗುವುದು ಇಂದಿಗೂ ಉಂಟು. ಒಬ್ಬ ಒಂದೊಂದು ಸಾಲು ಹೊಸದಾಗಿ ಕಟ್ಟಿ ಕೂಗುತ್ತಾನೆ, ಉಳಿದವರು ಪ್ರತಿ ಸಾಲಿಗೂ ‘ದೇವುಸಿರೆ’ ಎಂದು ದನಿಗೂಡಿಸುತ್ತಾರೆ. ಮನೆಯಾಕೆ ಮೊರದಲ್ಲಿ ಅಕ್ಕಿ, ಹಣ, ಹಚ್ಚಿದ ದೀಪ, ಬಳೆಯಾಕಾರದ ಸೆಲ್ ರೊಟ್ಟಿ ಇಟ್ಟು ಹೊರತರುತ್ತಾಳೆ. ತಂಡ ಆ ಮನೆಗೆ ಹರಸಿ ಮುಂದಿನ ಬಾಗಿಲಿಗೆ ಹೋಗುತ್ತದೆ. ನೇಪಾಳದ ಮಗು ಮೊದಲು ಕಲಿಯುವ ಬಹಿರಂಗ ಭಾಷಣ ಇದೇ ಇರಬೇಕೆಂದು ನನಗೆ ಅನ್ನಿಸುತ್ತದೆ.

1990ರ ಜನಾಂದೋಲನ ಪಂಚಾಯತ್ ಆಡಳಿತವನ್ನು ಕೊನೆಗೊಳಿಸಿತು. 1993ರಲ್ಲಿ ಖಾಸಗಿ ದಿನಪತ್ರಿಕೆ ಕಾಂತಿಪುರ ಬಂತು. ವರ್ಷಗಟ್ಟಲೆ ಪರವಾನಗಿಗಾಗಿ ಕಾದು ಪರಿಸರ ಪತ್ರಕರ್ತರ ಸಂಘವೊಂದು 1997ರಲ್ಲಿ ಆರಂಭಿಸಿದ ರೇಡಿಯೋ ಸಗರಮಾಥಾ ದಕ್ಷಿಣ ಏಷ್ಯಾದ ಮೊದಲ ಸ್ವತಂತ್ರ ಸಮುದಾಯ ಬಾನುಲಿಯಾಯಿತು. ಅದರ ಹಿಂದೆಯೇ ಜಿಲ್ಲೆ ಜಿಲ್ಲೆಗಳಲ್ಲಿ ಎಫ್‌ಎಂ ನಿಲಯಗಳು ಹುಟ್ಟಿಕೊಂಡವು. ಅಲ್ಲಿ ಮಾತಾಡುತ್ತಿದ್ದವರು ಆಯಾ ಊರಿನ ಇಪ್ಪತ್ತು ದಾಟಿದ ಹುಡುಗ ಹುಡುಗಿಯರು. 2001ರಲ್ಲಿ ಆರಂಭವಾದ ‘ಸಾಥಿ ಸಂಗ ಮನ್‌ಕಾ ಕುರಾ’ ಎಂಬ ಕಾರ್ಯಕ್ರಮದ ಹೆಸರಿನ ಅರ್ಥ ‘ಗೆಳೆಯರೊಂದಿಗೆ ಮನದ ಮಾತು’. ಮೈನೆರೆಯುವುದು, ಪ್ರೀತಿ, ಎಚ್‌ಐವಿ, ಓದು ಬಿಡುವ ಒತ್ತಡ, ಹೀಗೆ ಮನೆಯಲ್ಲಿ ಕೇಳಲಾಗದ್ದನ್ನು ಹದಿಹರೆಯದವರು ಕಾಗದ ಬರೆದು ಕೇಳಿದರು, ಯುವ ದನಿಗಳೇ ಉತ್ತರ ಹೇಳಿದವು. ಅದುವರೆಗೆ ಕೇಳುಗನಾಗಿದ್ದ ನೇಪಾಳದ ಯುವಕ ಮಾತಾಡುವವನಾದದ್ದು ಇಲ್ಲಿ. ಈ ಒಂದು ತಿರುವಿಗೆ ಸಿಗಬೇಕಾದಷ್ಟು ಗಮನ ಹೊರಗಿನವರಿಂದ ಸಿಕ್ಕಿಲ್ಲ.

ಇದೇ ವರ್ಷಗಳಲ್ಲಿ ದೇಶ ರಕ್ತದಲ್ಲಿ ತೊಯ್ದಿತ್ತು. 1996ರಲ್ಲಿ ಆರಂಭವಾದ ಮಾವೋವಾದಿ ಯುದ್ಧ ಮುಗಿಯುವ ಹೊತ್ತಿಗೆ, ಅಂದರೆ 2006ಕ್ಕೆ, ಸುಮಾರು 17,000 ಜನ ಸತ್ತಿದ್ದರು. ಊರು ಬಿಟ್ಟ ಯುವಕರು ಕಠ್ಮಂಡುವಿಗೆ ಬಂದರು, ಅವರ ಹಿಂದೆ ಅವರ ಹಾಡೂ ಬಂತು. ರೋಧಿ ಮನೆಯ ದೋಹೊರಿ ರಾಜಧಾನಿಯ ರೆಸ್ಟೋರೆಂಟುಗಳ ವೇದಿಕೆ ಏರಿತು. 2005ರ ಫೆಬ್ರುವರಿ 1ರಂದು ದೊರೆ ಜ್ಞಾನೇಂದ್ರ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಾಗ ಮೊದಲು ಮಾಡಿದ ಕೆಲಸ ದೂರವಾಣಿ ಮತ್ತು ಇಂಟರ್ನೆಟ್ ಕಡಿದದ್ದು. ಎಫ್‌ಎಂ ನಿಲಯಗಳು ಸುದ್ದಿ ಬಿತ್ತರಿಸುವಂತಿಲ್ಲ, ಹಾಡು ಮಾತ್ರ ಹಾಕಬಹುದು ಎಂದಾಯಿತು. ಪತ್ರಕರ್ತರು ಬೀದಿಗಿಳಿದು ಸುದ್ದಿ ಓದಿ ಪ್ರತಿಭಟಿಸಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ಎಫ್‌ಎಂ ಸುದ್ದಿಯ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು; 2006ರ ಏಪ್ರಿಲ್‌ನಲ್ಲಿ 19 ದಿನ ನಡೆದ ಆಂದೋಲನ ದೊರೆಯನ್ನು ಬಗ್ಗಿಸಿತು; 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. 2025ರ ನಿಷೇಧಕ್ಕೆ ಬೇರೆ ಯಾವ ಎಚ್ಚರಿಕೆಯೂ ಬೇಕಿರಲಿಲ್ಲ. ಇಪ್ಪತ್ತು ವರ್ಷ ಹಿಂದೆ ಅದೇ ಊರಿನಲ್ಲಿ ನಡೆದದ್ದನ್ನು ಓಲಿ ಅವರ ಪೀಳಿಗೆ ಕಣ್ಣಾರೆ ಕಂಡಿತ್ತು.

ನಮ್ಮ ಹುಡುಗಿಗೆ ಗಣರಾಜ್ಯ ಬಂದಾಗ ಏಳು ವರ್ಷ. ಅವಳಿಗೆ ನೆನಪಿರುವುದು ಅದಲ್ಲ, ಕತ್ತಲು. 2008-09ರ ಚಳಿಗಾಲದಲ್ಲಿ ಕಠ್ಮಂಡುವಿನಲ್ಲಿ ದಿನಕ್ಕೆ 16 ಗಂಟೆ ಕರೆಂಟು ಇರುತ್ತಿರಲಿಲ್ಲ. ನಗರವನ್ನು ಏಳು ಗುಂಪುಗಳಾಗಿ ವಿಂಗಡಿಸಿ, ಯಾವ ಗುಂಪಿಗೆ ಯಾವ ಹೊತ್ತು ಲೋಡ್‌ಶೆಡ್ಡಿಂಗ್ ಎಂಬ ಪಟ್ಟಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತಿದ್ದರು, ಜನ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಅಂಥ ಸಂಜೆಗಳ ತಿಂಡಿ ಎಂದರೆ ವಾಯ್ ವಾಯ್ ನೂಡಲ್ಸ್, ಅದೂ ಬೇಯಿಸದೆ. ಪೊಟ್ಟಣವನ್ನು ಒಡೆಯದೆಯೇ ಅಂಗೈಯಲ್ಲಿ ಹಿಸುಕಿ ಪುಡಿ ಮಾಡಬೇಕು, ತುದಿ ಹರಿದು ಒಳಗಿನ ಮಸಾಲೆ ಸುರಿಯಬೇಕು, ಬಾಯಿ ಬಿಗಿಹಿಡಿದು ಕುಲುಕಬೇಕು, ಆಮೇಲೆ ನಾಲ್ಕು ಜನ ಹಂಚಿಕೊಂಡು ಮುಕ್ಕಬೇಕು. ಕರೆಂಟು ಬರುವ ಹೊತ್ತು ರಾತ್ರಿ ಎರಡು ಗಂಟೆಯಾಗಿದ್ದರೆ ಅಮ್ಮ ಎದ್ದು ನೀರು ಪಂಪು ಮಾಡುತ್ತಿದ್ದಳು, ಇಸ್ತ್ರಿ ಮಾಡುತ್ತಿದ್ದಳು. 2016ರ ತಿಹಾರ್ ಹೊತ್ತಿಗೆ, ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿ ಕುಲ್‌ಮಾನ್ ಘಿಸಿಂಗ್ ಬಂದ ಕೆಲವೇ ವಾರಗಳಲ್ಲಿ, ಕಠ್ಮಂಡುವಿನ ಲೋಡ್‌ಶೆಡ್ಡಿಂಗ್ ನಿಂತಿತು. ಅಧಿಕಾರಿಯೊಬ್ಬ ಮನಸ್ಸು ಮಾಡಿದರೆ ಆಗುವ ಕೆಲಸ ಇಷ್ಟು ವರ್ಷ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಆ ಪೀಳಿಗೆಯ ಮನಸ್ಸಿನಲ್ಲಿ ಅಂದೇ ನಾಟಿತು.

ಈ ನಡುವೆ ಮನೆಗಳು ಖಾಲಿಯಾಗುತ್ತಿದ್ದವು. ಹೊರದೇಶಕ್ಕೆ ದುಡಿಯಲು ಹೋಗುವುದು ನೇಪಾಳಕ್ಕೆ ಹೊಸದಲ್ಲ. ರಣಜಿತ್ ಸಿಂಗರ ಸೇನೆ ಸೇರಲು ಲಾಹೋರಿಗೆ ಹೋದವರಿಂದ ಹುಟ್ಟಿದ ‘ಲಾಹುರೆ’ ಎಂಬ ಪದ ಮುಂದೆ ಬ್ರಿಟಿಷ್ ಮತ್ತು ಭಾರತೀಯ ಸೇನೆಗಳ ಗೂರ್ಖಾಗಳಿಗೂ ಸಂದಿತು. ಈಗ ದೋಹಾದಲ್ಲಿ ಕಟ್ಟಡ ಕಟ್ಟುವವನೂ ಲಾಹುರೆಯೇ. ಆದರೆ ಈಗಿನ ಪ್ರಮಾಣ ಬೇರೆ. 2021ರ ಜನಗಣತಿಯಲ್ಲಿ 2.9 ಕೋಟಿ ಜನಸಂಖ್ಯೆಯ ದೇಶದ ಸುಮಾರು 22 ಲಕ್ಷ ಮಂದಿ ಹೊರದೇಶಗಳಲ್ಲಿದ್ದರು. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗ. ಕತಾರ್, ಮಲೇಷ್ಯಾ, ಸೌದಿಗೆ ಹೋಗುವವರು ಒಂದು ಕಡೆ, ಕೊರಿಯಾ ಕೆಲಸಕ್ಕಾಗಿ ಕೊರಿಯನ್ ಭಾಷೆಯ ಪರೀಕ್ಷೆಗೆ ಓದುವವರು ಇನ್ನೊಂದು ಕಡೆ, ಆಸ್ಟ್ರೇಲಿಯಾ ಜಪಾನುಗಳಿಗೆ ವಿದ್ಯಾರ್ಥಿ ವೀಸಾದಲ್ಲಿ ಹೊರಟವರು ಮತ್ತೊಂದು ಕಡೆ. ತ್ರಿಭುವನ ವಿಮಾನ ನಿಲ್ದಾಣದ ಹೊರಗೆ ಹಣೆ ತುಂಬ ಕೆಂಪು ಟೀಕಾ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬೀಳ್ಕೊಳ್ಳುವ ಹುಡುಗರನ್ನು ಯಾವ ದಿನ ಹೋದರೂ ನೋಡಬಹುದು. ಅದೇ ನಿಲ್ದಾಣಕ್ಕೆ ಕೊಲ್ಲಿಯಿಂದ ಶವಪೆಟ್ಟಿಗೆಗಳೂ ಬರುತ್ತವೆ. ಇಂಥ ದೇಶದಲ್ಲಿ ಮೆಸೆಂಜರ್, ವಾಟ್ಸ್‌ಆ್ಯಪ್ ಎಂದರೆ ಕಾಲಹರಣದ ಸಾಧನವಲ್ಲ. ಅಪ್ಪ ಮಗಳ ಮುಖ ನೋಡುವುದು ಅದರಲ್ಲೇ, ಹೆಂಡತಿ ಮನೆ ಖರ್ಚು ಹೇಳಿಕೊಳ್ಳುವುದು ಅದರಲ್ಲೇ.

ಹಾಡಿನ ಲೋಕದಲ್ಲಿ ರ‍್ಯಾಪ್ ಈ ಪೀಳಿಗೆಯ ದೋಹೊರಿಯಾಯಿತು. 1990ರ ದಶಕದಲ್ಲಿ ಗಿರೀಶ್ ಖತಿವಡಾ, ಪ್ರಣಿಲ್ ತಿಮಲ್ಸಿನಾ ಅವರಿಂದ ಮೊದಲಾದ ನೇಪಾಳಿ ರ‍್ಯಾಪ್‌ಗೆ ದುಃಖವನ್ನೂ ಬೀದಿಯ ಮಾತನ್ನೂ ತಂದುಕೊಟ್ಟವರು ಯಮ ಬುದ್ಧ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಅನಿಲ್ ಅಧಿಕಾರಿ. ಅವರು ಹುಟ್ಟುಹಾಕಿದ ‘ರಾ ಬಾರ್ಜ್’ ಎಂಬ ಕಣದಲ್ಲಿ ಇಬ್ಬರು ಎದುರುಬದುರು ನಿಂತು, ವಾದ್ಯವಿಲ್ಲದೆ, ಪ್ರಾಸದಲ್ಲಿ ಒಬ್ಬರನ್ನೊಬ್ಬರು ಮಣಿಸಬೇಕಿತ್ತು. ಯಮ ಬುದ್ಧ 2017ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆ ಕಣದಲ್ಲಿ 2013ರಲ್ಲಿ ಹೆಸರು ಮಾಡಿದ ಬಾಲೇನ್ ಶಾ ಕಟ್ಟಡ ವಿನ್ಯಾಸದ ಎಂಜಿನಿಯರ್. ಅವರ ಸ್ನಾತಕೋತ್ತರ ಪದವಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. 2022ರ ಮೇ ತಿಂಗಳ ಚುನಾವಣೆಯಲ್ಲಿ ಅವರು ಯಾವ ಪಕ್ಷವೂ ಇಲ್ಲದೆ ನಿಂತು 61,767 ಮತ ಪಡೆದು ಕಠ್ಮಂಡುವಿನ ಮೇಯರ್ ಆದರು. ಹಳೆಯ ಪಕ್ಷಗಳು ಅದನ್ನು ಒಂದು ಆಕಸ್ಮಿಕವೆಂದು ಭಾವಿಸಿದ್ದೇ ಅವುಗಳ ದೊಡ್ಡ ತಪ್ಪು.

ಅಷ್ಟರಲ್ಲಿ ಟಿಕ್‌ಟಾಕ್ ಬೆಟ್ಟದ ಮೇಲಿನ ಊರುಗಳವರೆಗೆ ತಲುಪಿತ್ತು. 2023ರ ನವೆಂಬರ್‌ನಲ್ಲಿ ಸಾಮಾಜಿಕ ಸಾಮರಸ್ಯ ಕೆಡುತ್ತದೆಂಬ ಕಾರಣ ಕೊಟ್ಟು ಸರ್ಕಾರ ಅದನ್ನು ನಿಷೇಧಿಸಿತು, 2024ರ ಆಗಸ್ಟ್‌ನಲ್ಲಿ ನಿಷೇಧ ತೆಗೆಯಿತು. ಆ ಒಂಬತ್ತು ತಿಂಗಳಲ್ಲಿ ತಡೆ ದಾಟಿ ಜಾಲತಾಣ ತೆರೆಯುವ ವಿಪಿಎನ್ ಬಳಸುವುದನ್ನು ಹುಡುಗರು ಚೆನ್ನಾಗಿ ಕಲಿತರು. 2025ರಲ್ಲಿ ಸರ್ಕಾರ ಕೊಟ್ಟ ಕಾರಣ ಬೇರೆ: ಕಂಪನಿಗಳು ಏಳು ದಿನದ ಗಡುವಿನೊಳಗೆ ಸಚಿವಾಲಯದಲ್ಲಿ ನೋಂದಣಿ ಮಾಡಿಸಿಕೊಂಡಿಲ್ಲ ಎಂಬುದು. ನೋಂದಣಿಯಾಗಿದ್ದ ಟಿಕ್‌ಟಾಕ್ ಮತ್ತು ವೈಬರ್ ಉಳಿದುಕೊಂಡವು. ಆದರೆ ಆ ಹೊತ್ತಿಗಾಗಲೇ ‘ನೆಪೋ ಕಿಡ್ಸ್’ ಎಂಬ ಹೆಸರಿನಲ್ಲಿ ಸಾವಿರಾರು ತುಣುಕುಗಳು ಓಡಾಡುತ್ತಿದ್ದವು. ಒಂದು ಬದಿಯಲ್ಲಿ ರಾಜಕಾರಣಿಗಳ ಮಕ್ಕಳ ದುಬಾರಿ ಕೈಚೀಲ, ಕಾರು, ವಿದೇಶ ಪ್ರವಾಸ. ಇನ್ನೊಂದು ಬದಿಯಲ್ಲಿ ವಿಮಾನ ನಿಲ್ದಾಣದಲ್ಲಿ ಅಳುವ ತಾಯಿ. ನಿಷೇಧ ಬಂದದ್ದು ನಡುವೆ. ಬಾಯಿ ಮುಚ್ಚಿಸುವ ಕೈ ಯಾರದ್ದೆಂದು ಆ ತುಣುಕುಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿಷೇಧವನ್ನು ಸೆಪ್ಟೆಂಬರ್ 8ರ ರಾತ್ರಿಯೇ ಹಿಂತೆಗೆದುಕೊಂಡರೂ ಕಾಲ ಮಿಂಚಿತ್ತು. ಮರುದಿನದ ಬೆಂಕಿಯಲ್ಲಿ ಸಂಸತ್ತು, ಸುಪ್ರೀಂ ಕೋರ್ಟ್, ಕಾಂತಿಪುರ ಮಾಧ್ಯಮ ಸಂಸ್ಥೆಯ ಕಟ್ಟಡ ಎಲ್ಲವೂ ಸಿಕ್ಕಿಕೊಂಡವು. ಯುವಕರ ದನಿಗೆ 1990ರ ನಂತರ ಜಾಗ ಮಾಡಿಕೊಟ್ಟ ಪತ್ರಿಕೆಯ ಮನೆಯೇ ಉರಿದದ್ದನ್ನು ಯಾವ ನ್ಯಾಯದ ಹೆಸರಿನಲ್ಲೂ ಒಪ್ಪಲಾಗದು. ಒಟ್ಟು ಸತ್ತವರು 70ಕ್ಕೂ ಹೆಚ್ಚು. ನಂತರದ ದಿನಗಳಲ್ಲಿ, ನಿಷೇಧದ ಪಟ್ಟಿಯಲ್ಲಿದ್ದ ಡಿಸ್ಕಾರ್ಡ್‌ನಲ್ಲೇ, ಆಟವಾಡುವವರು ಹರಟೆಗೆಂದು ಬಳಸುವ ಆ ಜಾಲದಲ್ಲೇ, ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದ ಗುಂಪೊಂದು ಮುಂದಿನ ಪ್ರಧಾನಿ ಯಾರಾಗಬೇಕೆಂದು ಹಗಲಿರುಳು ವಾದಿಸಿತು. ಅಲ್ಲಿ ಮುಂದೆ ಬಂದ ಹೆಸರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರದ್ದು. ಸೆಪ್ಟೆಂಬರ್ 12ರಂದು ಅವರು ನೇಪಾಳದ ಮೊದಲ ಮಹಿಳಾ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು, ಸಂಸತ್ತು ವಿಸರ್ಜನೆಯಾಯಿತು, ಚುನಾವಣೆಗೆ 2026ರ ಮಾರ್ಚ್ 5 ನಿಗದಿಯಾಯಿತು. ಇಂಧನ ಖಾತೆ ಹೊತ್ತವರು ಕತ್ತಲೆ ಓಡಿಸಿದ ಅದೇ ಕುಲ್‌ಮಾನ್ ಘಿಸಿಂಗ್. ಬೆಟ್ಟದ ತುದಿಯ ನಾಂಗಿ ಊರಿಗೆ 2002ರ ಸುಮಾರಿನಲ್ಲೇ ವೈಫೈ ಎಳೆದು ಮ್ಯಾಗ್ಸೆಸೆ ಪ್ರಶಸ್ತಿ ಪಡೆದಿದ್ದ ಮಹಾವೀರ ಪುನ್ ಶಿಕ್ಷಣ ಸಚಿವರಾದರು.

ಡಿಸ್ಕಾರ್ಡ್‌ನ ಆ ಚರ್ಚೆಯಲ್ಲಿ ದೋಹಾದಿಂದಲೂ ಸಿಡ್ನಿಯಿಂದಲೂ ಮಾತಾಡಲು ಅಡ್ಡಿ ಇರಲಿಲ್ಲ. ಮತಗಟ್ಟೆಗೆ ಮಾತ್ರ ಊರಿಗೇ ಬರಬೇಕು. ಹೊರದೇಶದಲ್ಲಿರುವ ನೇಪಾಳಿಗರಿಗೆ ಮತದಾನದ ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. 2022ರ ಚುನಾವಣೆಯಲ್ಲೂ ಅದು ಜಾರಿಯಾಗಲಿಲ್ಲ, ಹಣ ಕಳಿಸುವ ಆ 22 ಲಕ್ಷ ಮಂದಿಗೆ ತಾವಿದ್ದಲ್ಲಿಂದ ಮತ ಹಾಕಲಾಗಲಿಲ್ಲ.