ತೂಕ ಇಳೀತು, ಸರಿ. ಇಳಿದದ್ದು ಏನು?

ಊಟ ಕಡಿಮೆ ಮಾಡಿದ ಮೊದಲ ವಾರದಲ್ಲೇ ಎರಡು ಕೆಜಿ ಇಳಿಯಿತು ಅಂತ ಯಾರಾದರೂ ಖುಷಿಯಿಂದ ಹೇಳಿದರೆ ನನಗೆ ಕೇಳಬೇಕು ಅನ್ನಿಸುವ ಪ್ರಶ್ನೆ ಒಂದೇ. ಇಳಿದದ್ದು ಏನು? ತೂಕದ ಯಂತ್ರ ಅದನ್ನು ಹೇಳುವುದಿಲ್ಲ. ಕೊಬ್ಬು, ಸ್ನಾಯು, ನೀರು, ಆಗಷ್ಟೇ ತಿಂದ ಊಟ, ಎಲ್ಲವನ್ನೂ ಕೂಡಿಸಿ ಒಂದು ಅಂಕಿ ತೋರಿಸುತ್ತದೆ, ಅಷ್ಟೇ.

ಮೊದಲ ವಾರ ಇಳಿಯುವುದರಲ್ಲಿ ಬಹುಪಾಲು ನೀರು. ನಮ್ಮ ಸ್ನಾಯುಗಳಲ್ಲೂ ಲಿವರ್‌ನಲ್ಲೂ ಸೇರಿ ಸುಮಾರು ಅರ್ಧ ಕೆಜಿ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದ ಕೂಡಲೇ ದೇಹ ಮೊದಲು ಕೈಹಾಕುವುದು ಇದಕ್ಕೇ. ಸಕ್ಕರೆ ಖರ್ಚಾಗುತ್ತದೆ, ಅದರ ಜೊತೆಗಿದ್ದ ನೀರು ಹೊರಗೆ ಹೋಗುತ್ತದೆ, ನಾಲ್ಕು ದಿನ ಹೊಟ್ಟೆ ತುಂಬ ಉಂಡರೆ ಎರಡೂ ವಾಪಸ್ ಬರುತ್ತವೆ. ಕೊಬ್ಬಿನ ಲೆಕ್ಕ ಬೇರೆ. ದೇಹದ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೂ ಒಂದು ಕೆಜಿ ಕರಗಲು ಹದಿನೈದು ದಿನ ಹಿಡಿಯುತ್ತದೆ.

ಕರಗಿದ ಕೊಬ್ಬು ಹೋಗುವುದಾದರೂ ಎಲ್ಲಿಗೆ? ಬೆವರಾಗಿ ಹರಿದುಹೋಗುತ್ತದೆ ಅಂತ ನಂಬಿದವರು ಬಹಳ ಜನ. ಅದಕ್ಕೇ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದು, ಬಿಸಿ ಕೋಣೆಯಲ್ಲಿ ಕೂರುವುದು. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದರ ಲೆಕ್ಕ ಹಾಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 10 ಕೆಜಿ ಕೊಬ್ಬು ಪೂರ್ತಿ ಖರ್ಚಾದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಹಾಗಂತ ಜೋರಾಗಿ ಉಸಿರಾಡಿದರೆ ಕೊಬ್ಬು ಕರಗುವುದಿಲ್ಲ. ದೇಹಕ್ಕೆ ಶಕ್ತಿಯ ಕೊರತೆ ಬಿದ್ದಾಗ ಕೊಬ್ಬಿನ ಕೋಶಗಳು ತಮ್ಮಲ್ಲಿರುವುದನ್ನು ಒಡೆದು ರಕ್ತಕ್ಕೆ ಬಿಡುತ್ತವೆ, ಅದು ಎಲ್ಲಿ ಬೇಕೋ ಅಲ್ಲಿಗೆ ಹೋಗಿ ಉರಿಯುತ್ತದೆ. ಯಾವ ಜಾಗದ ಕೊಬ್ಬು ಮೊದಲು ಹೊರಬರಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಇದ್ದಲ್ಲೇ ಇರುತ್ತದೆ.

ಈಗ ಸ್ನಾಯುವಿನ ವಿಷಯಕ್ಕೆ ಬರೋಣ, ಯಾಕೆಂದರೆ ನಷ್ಟವಾಗುವುದು ಅಲ್ಲಿ. ಸ್ನಾಯು ಒಮ್ಮೆ ಕಟ್ಟಿ ಬಿಟ್ಟ ಗೋಡೆಯ ಥರ ಸುಮ್ನೆ ನಿಂತಿರುವುದಿಲ್ಲ. ಅದರ ಪ್ರೋಟೀನ್ ಪ್ರತಿದಿನ ಒಡೆಯುತ್ತಿರುತ್ತದೆ, ಪ್ರತಿದಿನ ಹೊಸದಾಗಿ ಸೇರುತ್ತಿರುತ್ತದೆ. ಊಟ ಕಡಿಮೆಯಾದಾಗ ಸೇರುವುದು ನಿಧಾನವಾಗುತ್ತದೆ. ಪ್ರೋಟೀನೂ ಕಡಿಮೆ, ಸ್ನಾಯುವಿಗೆ ಕೆಲಸವೂ ಇಲ್ಲ ಅಂದರೆ ದೇಹಕ್ಕೆ ಅದನ್ನು ಉಳಿಸಿಕೊಳ್ಳಲು ಕಾರಣವೇ ಇರುವುದಿಲ್ಲ. ಬರೀ ಊಟ ಬಿಟ್ಟು ತೂಕ ಇಳಿಸಿಕೊಂಡವರಲ್ಲಿ ಹೋದ ತೂಕದ ಸುಮಾರು ಕಾಲು ಭಾಗ ಕೊಬ್ಬೇ ಅಲ್ಲ. ತೀರಾ ಕಡಿಮೆ ತಿಂದರೆ ಆ ಪಾಲು ಇನ್ನೂ ಜಾಸ್ತಿ.

ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಮಿನ್ನೆಸೋಟಾ ವಿಶ್ವವಿದ್ಯಾಲಯದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಹಸಿವಿನಿಂದ ಬಳಲಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಸ್ವಯಂಸೇವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು, ಕೊಬ್ಬಿನ ಜೊತೆ ಸ್ನಾಯುವೂ ಹೋಯಿತು. ಹಗಲಿಡೀ ಊಟದ್ದೇ ಯೋಚನೆ, ಸುಸ್ತು, ಮೈಯೆಲ್ಲ ಚಳಿ. ಆಮೇಲೆ ಹೊಟ್ಟೆ ತುಂಬ ತಿನ್ನತೊಡಗಿದಾಗ ಕೊಬ್ಬು ಬೇಗ ವಾಪಸ್ ಬಂತು, ಸ್ನಾಯು ಹಿಂದೆ ಉಳಿಯಿತು. ಉಪವಾಸ ಬಿದ್ದು ತೂಕ ಇಳಿಸಿ, ಮತ್ತೆ ಏರಿಸಿ, ಮತ್ತೆ ಇಳಿಸುವವರ ಬಗ್ಗೆ ನನಗೆ ಚಿಂತೆ ಆಗುವುದು ಇದಕ್ಕೇ.

ಹಾಗಾದರೆ ಕೊಬ್ಬು ಮಾತ್ರ ಕರಗಿಸಿ ಸ್ನಾಯು ಉಳಿಸಿಕೊಳ್ಳಬಹುದೇ? ಬೆಳೆಸಲೂಬಹುದೇ? ಆಗುವುದೇ ಇಲ್ಲ ಅಂತ ವಾದಿಸುವವರಿದ್ದಾರೆ. ಶಕ್ತಿಯ ಕೊರತೆ ಇರುವಾಗ ದೇಹ ಹೊಸದನ್ನು ಹೇಗೆ ಕಟ್ಟೀತು ಅನ್ನುವುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗೇ ಇದೆ. ಆದರೆ ಮನೆ ಕಟ್ಟಲು ಇಟ್ಟಿಗೆ ಬೇರೆ, ಕೂಲಿ ಬೇರೆ ಅಲ್ವಾ? ಸ್ನಾಯು ಕಟ್ಟಲು ಇಟ್ಟಿಗೆ ಅಂದರೆ ಪ್ರೋಟೀನ್, ಅದು ಊಟದಿಂದಲೇ ಬರಬೇಕು, ಕೊಬ್ಬಿನಿಂದ ತಯಾರಾಗುವುದಿಲ್ಲ. ಕೂಲಿ ಅಂದರೆ ಶಕ್ತಿ. ಅದನ್ನು ಮೈಯಲ್ಲಿ ಕೂಡಿಟ್ಟ ಕೊಬ್ಬು ಕೊಡಬಲ್ಲದು. ಕೊಬ್ಬು ಜಾಸ್ತಿ ಇದ್ದಷ್ಟೂ ಕೊಡುವುದು ಸುಲಭ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ತೂಕ ಹೆಚ್ಚಿದ್ದ 40 ಯುವಕರು. ನಾಲ್ಕು ವಾರ, ಅವರಿಗೆ ಬೇಕಾದ್ದಕ್ಕಿಂತ ಶೇ. 40ರಷ್ಟು ಕಡಿಮೆ ಕ್ಯಾಲೊರಿ, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ. ಅರ್ಧ ಜನರಿಗೆ ಒಂದು ಕೆಜಿ ದೇಹತೂಕಕ್ಕೆ ದಿನಕ್ಕೆ 1.2 ಗ್ರಾಂ ಪ್ರೋಟೀನ್, ಉಳಿದರ್ಧ ಜನರಿಗೆ 2.4 ಗ್ರಾಂ. ಜಾಸ್ತಿ ಪ್ರೋಟೀನ್ ತಿಂದವರು ಸರಾಸರಿ 4.8 ಕೆಜಿ ಕೊಬ್ಬು ಕಳೆದುಕೊಂಡರು, ಮೈಯ ಕೊಬ್ಬಲ್ಲದ ಭಾಗ 1.2 ಕೆಜಿ ಹೆಚ್ಚಾಯಿತು. ಕಡಿಮೆ ತಿಂದವರಲ್ಲಿ 3.5 ಕೆಜಿ ಕೊಬ್ಬು ಹೋಯಿತು, ಸ್ನಾಯು ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಈ ಎರಡನೇ ಗುಂಪನ್ನು ಮರೆಯಬೇಡಿ. ಅಷ್ಟು ಕಡಿಮೆ ತಿಂದೂ ಅವರ ಸ್ನಾಯು ಉಳಿದದ್ದರಲ್ಲಿ ವ್ಯಾಯಾಮದ ಪಾಲು ದೊಡ್ಡದು.

ಇದು ಎಲ್ಲರಿಗೂ ಇಷ್ಟೇ ಚೆನ್ನಾಗಿ ಆಗುವುದಿಲ್ಲ. ಹೊಸದಾಗಿ ಶುರುಮಾಡಿದವರು, ಬಿಟ್ಟು ಮತ್ತೆ ಹಿಡಿದವರು, ಮೈಯಲ್ಲಿ ಕೊಬ್ಬು ಸಾಕಷ್ಟು ಇರುವವರು, ಇವರಿಗೆ ಎರಡೂ ಒಟ್ಟಿಗೆ ಸಿಗುತ್ತದೆ. ವರ್ಷಗಟ್ಟಲೆ ಭಾರ ಎತ್ತಿ ಈಗಾಗಲೇ ತೆಳ್ಳಗಿರುವವರಿಗೆ ಇರುವುದನ್ನು ಉಳಿಸಿಕೊಂಡರೆ ಅದೇ ದೊಡ್ಡ ಗೆಲುವು.

ವ್ಯಾಯಾಮ ಅಂದಾಗ ಯಾವ ವ್ಯಾಯಾಮ ಅನ್ನುವುದು ಮುಖ್ಯ. ನಡಿಗೆ ಹೃದಯಕ್ಕೆ ಒಳ್ಳೆಯದು, ಕ್ಯಾಲೊರಿ ಖರ್ಚಾಗುತ್ತದೆ, ಖಂಡಿತ ನಡೆಯಿರಿ. ಆದರೆ ಈ ಸ್ನಾಯು ಬೇಕು, ಇಟ್ಟುಕೋ ಅಂತ ದೇಹಕ್ಕೆ ಹೇಳುವುದು ಭಾರ. ಸ್ನಾಯುವಿನ ನಾರುಗಳ ಮೇಲೆ ಜೋರಾಗಿ ಎಳೆತ ಬಿದ್ದಾಗ ಅದರೊಳಗೆ ಹೊಸ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ, ಆ ಚುರುಕು ಒಂದೆರಡು ದಿನ ಇರುತ್ತದೆ. ಆದ್ದರಿಂದ ಮೈಯ ಪ್ರತಿ ದೊಡ್ಡ ಸ್ನಾಯುವಿಗೂ ವಾರಕ್ಕೆ ಎರಡು ಸಲ ಕೆಲಸ ಸಿಕ್ಕರೆ ಒಳ್ಳೆಯದು. ಜಿಮ್ಮೇ ಆಗಬೇಕೆಂದಿಲ್ಲ, ಬಸ್ಕಿ, ದಂಡಗಳಿಂದಲೂ ಶುರುಮಾಡಬಹುದು. ಆದರೆ ಇನ್ನೊಂದೆರಡು ಸಲ ಮಾತ್ರ ಆದೀತು ಅನ್ನುವಷ್ಟು ಕಷ್ಟವಾಗುವವರೆಗೆ ಮಾಡಬೇಕು, ಅದು ಸುಲಭವಾದಾಗ ಭಾರ ಹೆಚ್ಚಿಸಬೇಕು. ತಿಂಗಳುಗಟ್ಟಲೆ ಅದೇ ಪುಟ್ಟ ಡಂಬೆಲ್ ಎತ್ತುತ್ತಿದ್ದರೆ ಸ್ನಾಯುವಿಗೆ ಬೆಳೆಯುವ ಅಗತ್ಯವೇ ಬೀಳುವುದಿಲ್ಲ.

ಪ್ರೋಟೀನ್ ಎಷ್ಟು? ಭಾರ ಎತ್ತುವವರ ಮೇಲೆ ನಡೆದ 49 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಒಂದು ಕೆಜಿ ದೇಹತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 70 ಕೆಜಿ ಇರುವವರಿಗೆ ಅದು 112 ಗ್ರಾಂ. ಊಟ ಕಡಿಮೆ ಮಾಡಿರುವಾಗ ಇದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ತಪ್ಪಿಲ್ಲ. ಪ್ರೋಟೀನ್ ಹೊಟ್ಟೆ ತುಂಬಿದ ಭಾವನೆಯನ್ನೂ ಕೊಡುತ್ತದೆ, ಹಾಗಾಗಿ ಕಡಿಮೆ ತಿನ್ನುವುದು ಅಷ್ಟೊಂದು ಹಿಂಸೆ ಅನ್ನಿಸುವುದಿಲ್ಲ. ಡಬ್ಬಿಯ ಪುಡಿ ಅನುಕೂಲಕ್ಕೆ ಮಾತ್ರ, ಊಟದಿಂದಲೇ ಸಿಕ್ಕರೆ ಅದರ ಅಗತ್ಯವಿಲ್ಲ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೇಬಾರದು.

ಅವಸರ ಬೇಡ ಅನ್ನುವುದಕ್ಕೂ ಪುರಾವೆ ಇದೆ. ನಾರ್ವೆಯ ಕ್ರೀಡಾಪಟುಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೆ ದೇಹತೂಕದ ಶೇ. 0.7ರಷ್ಟು ಇಳಿಸಿತು, ಇನ್ನೊಂದು ಅದರ ಎರಡರಷ್ಟು ವೇಗದಲ್ಲಿ. ಎರಡೂ ಗುಂಪು ಭಾರ ಎತ್ತುತ್ತಿದ್ದವು. ನಿಧಾನವಾಗಿ ಇಳಿಸಿದವರ ಮೈಯಲ್ಲಿ ಸ್ನಾಯು ಹೆಚ್ಚಾಯಿತು, ಅವಸರ ಮಾಡಿದವರಲ್ಲಿ ಹೆಚ್ಚಾಗಲಿಲ್ಲ.

ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಸಂಗತಿ ನಿದ್ದೆ. ಷಿಕಾಗೋ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಜನರಿಗೆ ಕಡಿಮೆ ಕ್ಯಾಲೊರಿಯ ಊಟ ಕೊಟ್ಟು, ಎರಡು ವಾರ ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟರು, ಇನ್ನೆರಡು ವಾರ ಐದೂವರೆ ಗಂಟೆ ಮಾತ್ರ. ಎರಡು ಸಲವೂ ತೂಕ ಸುಮಾರು 3 ಕೆಜಿ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು, ನಿದ್ದೆಗೆಟ್ಟಾಗ ಬರೀ 0.6 ಕೆಜಿ. ಯಂತ್ರದ ಮೇಲೆ ನಿಂತಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ. ಪ್ರಯೋಗ ಚಿಕ್ಕದು ನಿಜ, ಆದರೂ ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಸ್ನಾಯು ಬೆಳೆಸಿದರೆ ಕೂತಲ್ಲೇ ನೂರಾರು ಕ್ಯಾಲೊರಿ ಉರಿಯುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಸುಮ್ನೆ ಕೂತಾಗ ಒಂದು ಕೆಜಿ ಸ್ನಾಯು ದಿನಕ್ಕೆ ಬಳಸುವುದು ಸುಮಾರು 13 ಕ್ಯಾಲೊರಿ, ಒಂದು ಕೆಜಿ ಕೊಬ್ಬು ನಾಲ್ಕೂವರೆ. ಸ್ನಾಯು ಬೇಕಾಗಿರುವುದು ಬೇರೆ ಕಾರಣಕ್ಕೆ. ಊಟದ ನಂತರ ರಕ್ತದ ಸಕ್ಕರೆಯನ್ನು ಎಳೆದುಕೊಂಡು ಕೂಡಿಡುವ ದೊಡ್ಡ ಜಾಗ ಅದು. ವಯಸ್ಸಾದಂತೆ ಕುರ್ಚಿಯಿಂದ ಏಳುವುದಕ್ಕೂ, ಬೀಳದೆ ಮೆಟ್ಟಿಲು ಹತ್ತುವುದಕ್ಕೂ ಅದೇ ಆಧಾರ. ಅಮೆರಿಕದಲ್ಲಿ ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ ದುರ್ಬಲ ಅಜ್ಜ ಅಜ್ಜಿಯರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಾಗಿತ್ತು, ತೊಡೆಯ ಸ್ನಾಯು ಶೇ. 9ರಷ್ಟು ಬೆಳೆದಿತ್ತು. ನನಗೆ ವಯಸ್ಸಾಯಿತು ಅನ್ನುವವರು ಇದನ್ನು ಎರಡು ಸಲ ಓದಲಿ.

ಇನ್ನು ಅಳೆಯುವುದು ಹೇಗೆ? ಕೊಬ್ಬು ಇಳಿದು ಸ್ನಾಯು ಏರುತ್ತಿದ್ದರೆ ತೂಕ ವಾರಗಟ್ಟಲೆ ಅಲ್ಲಾಡದೆ ನಿಲ್ಲಬಹುದು, ಆಗಲೇ ಬಹಳ ಜನ ಬೇಜಾರಾಗಿ ಬಿಟ್ಟುಬಿಡುವುದು. ಕಾಲಿಟ್ಟು ನಿಂತರೆ ಕೊಬ್ಬಿನ ಶೇಕಡಾ ತೋರಿಸುವ ಯಂತ್ರಗಳು ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತವೆ, ಮೈಯಲ್ಲಿ ನೀರು ಹೆಚ್ಚುಕಡಿಮೆ ಆದರೆ ಅಂಕಿಯೂ ಬದಲಾಗುತ್ತದೆ. ಅದಕ್ಕಿಂತ ಒಂದು ಟೇಪು ಸಾಕು. ತಿಂಗಳಿಗೆರಡು ಸಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೊಂಟದ ಸುತ್ತಳತೆ ಬರೆದಿಡಿ, ಎಷ್ಟು ಭಾರ ಎಷ್ಟು ಸಲ ಎತ್ತಿದಿರಿ ಅನ್ನುವುದನ್ನೂ ಬರೆದಿಡಿ. ಸೊಂಟ ಇಳಿಯುತ್ತಿದೆ, ಎತ್ತುವ ಭಾರ ಏರುತ್ತಿದೆ ಅಂದರೆ ತೂಕ ಏನೇ ಹೇಳಲಿ, ಕೆಲಸ ಆಗುತ್ತಿದೆ. ಎರಡೂ ಇಳಿಯುತ್ತಿದ್ದರೆ, ಸದಾ ಸುಸ್ತಾಗುತ್ತಿದ್ದರೆ, ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪತೊಡಗಿದರೆ, ತಿನ್ನುತ್ತಿರುವುದು ತೀರಾ ಕಡಿಮೆ ಇರಬಹುದು. ಊಟ ಹೆಚ್ಚಿಸಿ, ಡಾಕ್ಟರ ಹತ್ತಿರವೂ ಒಮ್ಮೆ ಹೋಗಿ ಬನ್ನಿ.